ಆ ರಾತ್ರಿ ಒತ್ತಡ ಇಳಿಯಲಿಲ್ಲ

ಗುರುವಾರ ಮಧ್ಯಾಹ್ನ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಹೊರಗೆ ಬಂದವನೇ ಅಪ್ಪನಿಗೆ ಫೋನ್ ಮಾಡಿದೆ. "ಮುಗಿಯಿತೇನಪ್ಪಾ?" ಎಂದರು. ಆಮೇಲೆ ಇಬ್ಬರಿಗೂ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಐದು ವರ್ಷದಲ್ಲಿ ಮುಗಿಸಿ ಬರುತ್ತೇನೆಂದು ಧಾರವಾಡದಿಂದ ಪುಣೆಯ ಬಸ್ ಹತ್ತಿದ್ದೆ, ಏಳು ವರ್ಷ ಹಿಡಿಯಿತು. ಹೆಚ್ಚಿಗೆ ಹಿಡಿದ ಆ ಎರಡು ವರ್ಷ ನನ್ನ ಕೈಬಿಡದವರಿಗೆ ಈ ಬರಹ.

ನನ್ನ ಕೆಲಸವನ್ನು ಊರಿನಲ್ಲಿ ಸೋಡಾ ಬಾಟಲಿಯಿಂದಲೇ ವಿವರಿಸುತ್ತಿದ್ದೆ. ಸೋಡಾ ಎಂದರೆ ಒತ್ತಡ ಹಾಕಿ ನೀರಿನಲ್ಲಿ ಕರಗಿಸಿದ ಕಾರ್ಬನ್ ಡೈಆಕ್ಸೈಡ್. ಆ ಒತ್ತಡವನ್ನು 100 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ದಾಟಿಸಿ, ಜೊತೆಗೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೂ ಸೇರಿಸಿದರೆ ಒಳಗೆ ಏನಾಗುತ್ತದೆ? 31 ಡಿಗ್ರಿ ಉಷ್ಣತೆ, 73.8 ಬಾರ್ ಒತ್ತಡ ಎರಡನ್ನೂ ಮೀರಿದ ಕಾರ್ಬನ್ ಡೈಆಕ್ಸೈಡ್ ದ್ರವವೂ ಅಲ್ಲ, ಅನಿಲವೂ ಅಲ್ಲ. ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ ಇದನ್ನು 1869ರಲ್ಲೇ ವಿವರಿಸಿದ್ದರು. 40 ಡಿಗ್ರಿ, 100 ಬಾರ್‌ನಲ್ಲಿ ಅದರ ಒಂದು ಲೀಟರ್ 600 ಗ್ರಾಂಗಿಂತ ಹೆಚ್ಚು ತೂಗುತ್ತದೆ. ಇಷ್ಟು ದಟ್ಟವಾದರೂ ನೀರಿನೊಡನೆ ಪೂರ್ತಿ ಬೆರೆಯುವುದಿಲ್ಲ. ಒತ್ತಡದ ಪಾತ್ರೆಯ ಸಫೈರ್ ಕಿಟಕಿಯಲ್ಲಿ ಇಣುಕಿದರೆ ಕೆಳಗೆ ನೀರು, ಮೇಲೆ ಅದು, ನಡುವೆ ಕೂದಲೆಳೆಯಂಥ ಗೆರೆ. ಆಮ್ಲಕ್ಕೆ ಮಾತ್ರ ಎರಡರ ಜೊತೆಗೂ ಸ್ನೇಹ. ಅದು ಯಾವ ಪದರಕ್ಕೆ ಎಷ್ಟು ಹೋಗುತ್ತದೆ ಎಂದು ಅಳೆಯುವುದೇ ನನ್ನ ಪ್ರಬಂಧ.

ಗಂಟೆಗಟ್ಟಲೆ ಕಲಕಬೇಕು, ಮತ್ತೆ ಗಂಟೆಗಟ್ಟಲೆ ಸುಮ್ಮನೆ ಬಿಡಬೇಕು, ಆಮೇಲೆ ಒತ್ತಡ ಕದಲದಂತೆ ಎರಡೂ ಪದರಗಳಿಂದ ಹನಿಯಷ್ಟು ಮಾದರಿ ತೆಗೆಯಬೇಕು. ಮೂರನೇ ವರ್ಷದ ಕೊನೆಯಲ್ಲಿ ಒಮ್ಮೆ ಬಂದ ಅಂಕಿ ಮತ್ತೊಮ್ಮೆ ಬರುವುದು ನಿಂತಿತು. ಸಂಜೆ 120 ಬಾರ್ ಇಟ್ಟು ಹೋದರೆ ಬೆಳಿಗ್ಗೆ 116. ಅಷ್ಟರಲ್ಲಿ ಒಂದು ವರ್ಷದ ಅಳತೆಗಳು ವಹಿಯಲ್ಲಿದ್ದವು. ನನ್ನ ಮಾರ್ಗದರ್ಶಕರು ವಹಿಯನ್ನು ಪುಟ ಪುಟವಾಗಿ ನೋಡಿ, "ಇವನ್ನು ಬಿಟ್ಟುಬಿಡೋಣ, ಮೊದಲಿನಿಂದ ಅಳೆಯೋಣ" ಎಂದರು. ಅಳೆ ಎನ್ನಲಿಲ್ಲ, ಅಳೆಯೋಣ ಎಂದರು. ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಬಂದು ಪಂಪಿನ ಮುಂದೆ ಕುಳಿತಿದ್ದರು. ಸರ್, ಆ ಒಂದು ಮಾತಿನ ಋಣ ನನ್ನ ಮೇಲಿದೆ.

ಸೋರಿಕೆಯ ಮೂಲ ಹಿಡಿದವರು ವರ್ಕ್‌ಶಾಪಿನ ಕಾಕಾ. (ನಮ್ಮ ಕಡೆಯೂ ಕಾಕಾ, ಮರಾಠಿಯಲ್ಲೂ ಕಾಕಾ. ಪುಣೆಯಲ್ಲಿ ಮೊದಲ ದಿನ ಪರಕೀಯ ಎನಿಸದಿರಲು ಆ ಒಂದು ಶಬ್ದ ಸಾಕಾಯಿತು.) ನಾನು ಅವಸರದಲ್ಲಿ ಒತ್ತಡ ಇಳಿಸಿ ಪಾತ್ರೆ ಬಿಚ್ಚುವುದನ್ನು ಅವರು ಬಾಗಿಲಲ್ಲೇ ನಿಂತು ನೋಡಿದರು. ಒಳಗಿನ ರಬ್ಬರ್ ಓ-ರಿಂಗ್ (ಸೋರದಂತೆ ತಡೆಯುವ ಬಳೆ) ತೆಗೆದು ನನ್ನ ಅಂಗೈಯಲ್ಲಿಟ್ಟರು. ನೋಡುತ್ತಿದ್ದಂತೆಯೇ ಅದು ಊದಿಕೊಂಡಿತು, ಎಣ್ಣೆಗೆ ಬಿಟ್ಟ ಸಂಡಿಗೆಯ ಹಾಗೆ ಮೈತುಂಬ ಗುಳ್ಳೆ ಎದ್ದಿತು. ಒತ್ತಡದಲ್ಲಿ ರಬ್ಬರು ಅನಿಲವನ್ನು ಕುಡಿದಿರುತ್ತದೆ, ಒಮ್ಮೆಲೇ ಬಿಟ್ಟರೆ ಆ ಅನಿಲ ರಬ್ಬರನ್ನು ಒಳಗಿನಿಂದ ಸೀಳಿಕೊಂಡು ಹೊರಬರುತ್ತದೆ. "ಬಾಳಾ (ಮಗೂ), ನಿಧಾನ ಬಿಡು" ಎಂದಷ್ಟೇ ಹೇಳಿ ಲೇತಿನ ಕಡೆ ಹೋದರು. ಎರಡು ದಿನ ಊಟದ ಬಿಡುವಿನಲ್ಲೂ ಕುಳಿತು ಟೆಫ್ಲಾನ್ ಸೀಲ್ ಕಡೆದುಕೊಟ್ಟರು. ಆ ರಾತ್ರಿ ನಾನು ಮನೆಗೆ ಹೋಗಲಿಲ್ಲ. ಬೆಳಿಗ್ಗೆ ಮೀಟರ್ 120 ತೋರಿಸುತ್ತಿತ್ತು. ಪಾಷಾಣ ಬಡಾವಣೆಯ ರಸ್ತೆಯಲ್ಲಿ ಚಹಾದ ಅಂಗಡಿ ತೆರೆಯುವವರೆಗೆ ಅದರ ಮುಂದೆಯೇ ನಿಂತಿದ್ದೆ.

ಅಸಿಟಿಕ್ ಆಮ್ಲಕ್ಕೆ ನೀರಿನ ಸೆಳೆತವೇ ಹೆಚ್ಚು ಎಂದು, ಅದೇ ಜಾತಿಯ ಬೇರೆ ಆಮ್ಲಗಳಲ್ಲಿ ಇಂಗಾಲದ ಸರಪಳಿ ಉದ್ದವಾದಂತೆ ಅವು ಮೇಲಿನ ಪದರಕ್ಕೆ ವಾಲುತ್ತವೆ ಎಂದು ಈಗ ಧೈರ್ಯದಿಂದ ಹೇಳಬಲ್ಲೆ. ಹಿಂದಿನವರು ಕಂಡದ್ದೂ ಅದನ್ನೇ, ನನ್ನ ಅಂಕಿಗಳು ಅವರ ಪಕ್ಕದಲ್ಲಿ ಕುಳಿತಿವೆ.

ಬಾಣೇರಿನ ಮನೆಯ ಕಾಕು, ರಾತ್ರಿ ಹನ್ನೊಂದಕ್ಕೆ ಬಂದರೂ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಮುಚ್ಚಿಟ್ಟಿರುತ್ತಿದ್ದಿರಿ. ಶಿಷ್ಯವೇತನ ನಿಂತ ಮೇಲೆ ಎಂಟು ತಿಂಗಳು ಬಾಡಿಗೆ ಕೇಳಲಿಲ್ಲ. ತಂಗಿ, ನಿನ್ನ ಮೊದಲ ಸಂಬಳದಿಂದ ನನಗೆ ಹಣ ಕಳಿಸಿ ಅವ್ವನಿಗೆ ಹೇಳದೆ ಉಳಿದೆ. ನಿಮ್ಮಿಬ್ಬರಿಗೂ ಏನು ಬರೆದರೂ ಕಡಿಮೆಯೇ.

ಕಾಕಾ ನಿವೃತ್ತರಾಗಿ ಸಾತಾರಾದ ಹತ್ತಿರದ ತಮ್ಮ ಹಳ್ಳಿಯಲ್ಲಿದ್ದಾರೆ. ಭಾನುವಾರ ಸ್ವಾರಗೇಟಿನಿಂದ ಮೊದಲ ಬಸ್ ಹಿಡಿಯುತ್ತೇನೆ. ಅಪ್ಪನೂ ಬರುತ್ತಾರೆ, ಕಾಕಾನಿಗೆ ಕೊಡಲು ಧಾರವಾಡ ಪೇಡಾ ತರುತ್ತಾರಂತೆ. ನನ್ನ ಚೀಲದಲ್ಲಿ ಪ್ರಬಂಧದ ಒಂದು ಪ್ರತಿ, ಜೊತೆಗೆ ಆ ಟೆಫ್ಲಾನ್ ಸೀಲ್.