ನಾಯಿ ಡೇಕೇರ್: ದರಪಟ್ಟಿಯಾಚೆಯ ಲೆಕ್ಕ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಕಚೇರಿಗೆ ಹೋಗುವ ಎಷ್ಟೋ ಮಂದಿ ನಾಯಿಯನ್ನು ಡೇಕೇರ್‌ಗೆ ಬಿಡುವಾಗ ದಿನದ ದರವನ್ನಷ್ಟೇ ಕೇಳುತ್ತಾರೆ. ಬಿಲ್ ಏರುವುದು ಬೇರೆ ಕಡೆ: ಕರೆದೊಯ್ಯುವ ವಾಹನ, ಊಟ, ಸಂಜೆ ತಡವಾದರೆ ಗಂಟೆ ಲೆಕ್ಕದ ದಂಡ, ನೋಂದಾಯಿತ ಸಂಸ್ಥೆಯಾದರೆ ಜಿಎಸ್‌ಟಿ. ಎಲ್ಲ ಸೇರಿದ ಮೊತ್ತವನ್ನು ಮೊದಲೇ ಬರೆಸಿಕೊಳ್ಳಬೇಕು.

ಹೆಚ್ಚಿನವರು ಎಡವುವುದು ಪ್ಯಾಕೇಜ್‌ನಲ್ಲಿ. ದಿನಕ್ಕೆ 700 ರೂಪಾಯಿ, 20 ದಿನದ ಪ್ಯಾಕೇಜ್‌ಗೆ 12,000 ಎಂದಿಟ್ಟುಕೊಳ್ಳಿ. ದಿನಕ್ಕೆ 600 ಬಿದ್ದಂತೆ ಕಾಣುತ್ತದೆ. ಆದರೆ ಅವಧಿ 30 ದಿನವಷ್ಟೇ ಇದ್ದು, ರಜೆ, ಮಳೆ, ವರ್ಕ್ ಫ್ರಂ ಹೋಮ್ ಎಂದು 14 ದಿನ ಮಾತ್ರ ಬಿಟ್ಟರೆ ದಿನಕ್ಕೆ ಸುಮಾರು 857! ಬಿಡಿಯಾಗಿ ಕೊಟ್ಟಿದ್ದರೆ 9,800ಕ್ಕೆ ಮುಗಿಯುತ್ತಿತ್ತು. ಕನಿಷ್ಠ 18 ದಿನ ಬಿಟ್ಟರಷ್ಟೇ ಈ ಪ್ಯಾಕೇಜ್ ಗಿಟ್ಟುತ್ತದೆ. ಉಳಿದ ದಿನಗಳು ಮುಂದಿನ ತಿಂಗಳಿಗೆ ಸೇರುತ್ತವೆಯೇ ಎಂಬುದೊಂದೇ ಪ್ರಶ್ನೆ ಸಾವಿರಾರು ರೂಪಾಯಿ ಉಳಿಸಬಲ್ಲದು.

ಆರೋಗ್ಯವಂತ ಬೆಳೆದ ನಾಯಿ ಹಗಲಿನ ಬಹುಪಾಲನ್ನು ನಿದ್ದೆ, ವಿಶ್ರಾಂತಿಯಲ್ಲೇ ಕಳೆಯುತ್ತದೆ. ವಾರಕ್ಕೆ 2 ದಿನ ಡೇಕೇರ್, ಮಿಕ್ಕ ದಿನ ಮಧ್ಯಾಹ್ನ ಅರ್ಧ ಗಂಟೆ ಅಡ್ಡಾಡಿಸಲು ಒಬ್ಬರಿದ್ದರೆ ಸಾಮಾನ್ಯವಾಗಿ ಸಾಕು. ಮರಿಗಳಿಗೆ ಈ ಲೆಕ್ಕ ನಡೆಯದು.

ಲಸಿಕೆ ಮತ್ತು ಉಣ್ಣಿ (ರಕ್ತ ಹೀರುವ ಹುಳು) ತಡೆಯುವ ಔಷಧದಲ್ಲಿ ಮಾತ್ರ ಉಳಿತಾಯ ಬೇಡ. ರೇಬೀಸ್, ಡಿಸ್ಟೆಂಪರ್, ಪಾರ್ವೊ ಎಂಬ ವೈರಸ್ ರೋಗಗಳ ಲಸಿಕೆ ಜೊತೆಗೆ ಕೆನಲ್ ಕಾಫ್ (ನಾಯಿಗಳಲ್ಲಿ ಹರಡುವ ಕೆಮ್ಮು) ಲಸಿಕೆಯೂ ಡೇಕೇರ್‌ಗೆ ಬಿಡುವ ಎರಡು ವಾರ ಮುಂಚೆಯೇ ಆಗಿರಲಿ. ಲಸಿಕೆ ಕಾರ್ಡ್ ಕೇಳದ ಅಗ್ಗದ ಕೇಂದ್ರದತ್ತ ಸುಳಿಯಬೇಡಿ. ಉಣ್ಣಿ ಕಚ್ಚಿ ಬರುವ ಜ್ವರ ತಗುಲಿದರೆ ರಕ್ತಪರೀಕ್ಷೆ, ಸಾಮಾನ್ಯವಾಗಿ ಸುಮಾರು ನಾಲ್ಕು ವಾರದ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಬೇಕಾಗುತ್ತದೆ.

– ಓದುಗರು, ಬೆಂಗಳೂರು