ವಿಷಯ: ಹೆಸರಿಗಷ್ಟೇ ಇರುವ ರ‍್ಯಾಂಪ್, ಕಾಲು ತಪ್ಪಿಸುವ ಮೆಟ್ಟಿಲು

ಕಟ್ಟಡ ನಿರ್ವಹಣೆ ಕಂಪನಿಯ ಮ್ಯಾನೇಜರ್ ಅವರಿಗೆ,

ನಮಸ್ಕಾರ ಸಾರ್. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. "ನೋಡ್ತೀವಿ ಮೇಡಂ" ಅನ್ನುವುದು ಬಿಟ್ಟರೆ ನಿಮ್ಮವರಿಂದ ಬೇರೆ ಉತ್ತರ ಬಂದಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಮೊದಲು ಮುಂಬಾಗಿಲ ರ‍್ಯಾಂಪ್. ಅಲ್ಲಿರುವ ಮೂರು ಮೆಟ್ಟಿಲಿನ ಒಟ್ಟು ಎತ್ತರ 45 ಸೆಂಟಿಮೀಟರ್. ವೀಲ್‌ಚೇರ್ ಹೋಗುವ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಆ ಲೆಕ್ಕದಲ್ಲಿ ನಿಮ್ಮ ರ‍್ಯಾಂಪ್ 5.4 ಮೀಟರ್ ಇರಬೇಕಿತ್ತು. ಟೇಪ್ ಹಿಡಿದು ಅಳೆದೆವು, ಬರೀ 2 ಮೀಟರ್ ಇದೆ. ಇದು ರ‍್ಯಾಂಪ್ ಅಲ್ಲ ಸಾರ್, ಜಾರುಬಂಡೆ. ಸಾಲದ್ದಕ್ಕೆ ಪಾಲಿಶ್ ಗ್ರಾನೈಟ್ ಬೇರೆ ಹಾಸಿದ್ದೀರಿ, ನಾಲ್ಕು ಹನಿ ಮಳೆ ಬಿದ್ದರೆ ಗಾಲಿ ನಿಂತಲ್ಲೇ ಸುತ್ತುತ್ತದೆ. ಎರಡೂ ಕಡೆ ಇರಬೇಕಾದ ಕಂಬಿ ಒಂದೇ ಕಡೆ ಇದೆ, ಅದೂ ಕೆಳಗಿನವರೆಗೆ ಬರುವುದಿಲ್ಲ. ತುದಿಯಲ್ಲಿ ಕುರ್ಚಿ ನಿಲ್ಲಿಸಲು ಒಂದೂವರೆ ಮೀಟರ್ ಸಮತಟ್ಟು ಜಾಗ ಬೇಕು. ನೀವು ಬಾಗಿಲನ್ನೇ ಅಲ್ಲಿಟ್ಟಿದ್ದೀರಿ, ಅದೂ ಹೊರಗೆ ತೆಗೆಯುವ ಬಾಗಿಲು. ನಮ್ಮ ಸಹೋದ್ಯೋಗಿ ಒಂದು ಕೈಯಲ್ಲಿ ಗಾಲಿ ಹಿಂದೆ ಸರಿಯದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲು ಎಳೆಯಬೇಕು. ಸೆಕ್ಯುರಿಟಿಯವರು ತಳ್ಳುತ್ತಾರಲ್ಲ ಅಂತೀರಿ. ತಳ್ಳಿಸಿಕೊಂಡು ಬರಬೇಕಾದರೆ ಆ ರ‍್ಯಾಂಪ್ ಯಾಕೆ ಬೇಕು?

ಇನ್ನು ಮೆಟ್ಟಿಲು. ಲಿಫ್ಟ್ ಆಗಾಗ ಕೆಡುವುದರಿಂದ ಎಲ್ಲರಿಗೂ ಅದೇ ಗತಿ. ಆಫೀಸ್ ಕಟ್ಟಡದಲ್ಲಿ ಮೆಟ್ಟಿಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಎರಡನೇ ಮಹಡಿಯ ಪ್ಯಾಸೇಜಿನಲ್ಲಿ ನೀವು ಹಳೆ ನೆಲದ ಮೇಲೇ ಸಿಮೆಂಟ್ ಸುರಿದು ಹೊಸ ಟೈಲ್ಸ್ ಹಾಕಿಸಿದಿರಿ ನೋಡಿ, ಈಗ ಅಲ್ಲಿಂದ ಇಳಿಯುವ ಮೊದಲ ಮೆಟ್ಟಿಲು 19 ಆಗಿದೆ, ಮಿಕ್ಕವೆಲ್ಲ 15ರಲ್ಲೇ ಇವೆ. ಕಾಲು 15ಕ್ಕೆ ನೆಲ ಸಿಗುತ್ತದೆ ಅಂತ ಇಳಿಯುತ್ತದೆ, ಸಿಗುವುದಿಲ್ಲ. ಹೌಸ್‌ಕೀಪಿಂಗ್ ಅಕ್ಕ ನೀರಿನ ಬಕೆಟ್ ಸಮೇತ ಬಿದ್ದಿದ್ದು ಅಲ್ಲೇ. ಮೊಣಕಾಲು ಊದಿಕೊಂಡು ಕೂತಿದ್ದವರಿಗೆ ನಿಮ್ಮ ಸೂಪರ್‌ವೈಸರ್ ಹೇಳಿದ್ದು, "ನೋಡ್ಕೊಂಡು ಇಳಿಯೋಕೆ ಆಗಲ್ವಾ?" ಆಮೇಲೆ ರಜೆ ಹಾಕಿದ ಎರಡು ದಿನದ ಸಂಬಳವನ್ನೂ ಹಿಡಿದಿದ್ದೀರಿ. ಬೆಂಕಿ ಬಿದ್ದರೆ ಇಳಿಯಬೇಕಾದ ಹಿಂದಿನ ಮೆಟ್ಟಿಲ ಮೇಲೆ ನೀರಿನ ಕ್ಯಾನು, ಮುರಿದ ಕುರ್ಚಿ ಪೇರಿಸಿಟ್ಟಿದ್ದೀರಿ, ಅವನ್ನು ಇವತ್ತೇ ತೆಗೆಸಿ.

ಖಾಸಗಿ ಕಟ್ಟಡಕ್ಕೆ ಇದೆಲ್ಲ ಇಲ್ಲ ಅಂದಿರಿ. ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡ ಅನ್ನುವಾಗ ಖಾಸಗಿಯವನ್ನೂ ಕೆಲಸದ ಜಾಗವನ್ನೂ ಸೇರಿಸಿಯೇ ಹೇಳುತ್ತದೆ. ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷ. ಇಂಥ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ಮಾಡಿ ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿದೆ.

ಜಾಗ ಇಲ್ಲ ಅನ್ನಬೇಡಿ. ಗೋಡೆ ಪಕ್ಕದ ಹೂಕುಂಡ, ಸಂದರ್ಶಕರ ಬೈಕು ತೆಗೆಸಿದರೆ ರ‍್ಯಾಂಪನ್ನು ತಿರುವು ಕೊಟ್ಟು ಆರಾಮಾಗಿ ಕಟ್ಟಬಹುದು. ಅಲ್ಲಿವರೆಗೆ ಈಗಿರುವುದಕ್ಕೆ ಜಾರದ ಪಟ್ಟಿ ಅಂಟಿಸಿ, ಆ ಎತ್ತರದ ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಬಳಿಸಿ. ಒಂದು ಭಾನುವಾರದ ಕೆಲಸ, ದೊಡ್ಡ ಖರ್ಚೇನೂ ಇಲ್ಲ.

ರ‍್ಯಾಂಪ್ ಕೆಲಸ ಯಾವತ್ತು ಶುರು, ಯಾವತ್ತು ಮುಗಿಯುತ್ತದೆ ಅಂತ 15 ದಿನದೊಳಗೆ ಲಿಖಿತವಾಗಿ ತಿಳಿಸಿ. ಇಲ್ಲದಿದ್ದರೆ ಅಳತೆ, ಫೋಟೊ ಸಮೇತ ಈ ಪತ್ರ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿಗೆ ಹೋಗುತ್ತದೆ. ಅಕ್ಕನ ಆಸ್ಪತ್ರೆ ಬಿಲ್ ಇದರ ಜೊತೆಗಿಟ್ಟಿದ್ದೇನೆ. ಆ ದುಡ್ಡು, ಹಿಡಿದಿರುವ ಸಂಬಳ ಎರಡೂ ಈ ತಿಂಗಳೇ ಅವರ ಕೈ ಸೇರಬೇಕು.

ಇಂತಿ,
ಮೂರನೇ ಮಹಡಿಯ ಕಚೇರಿಯ ಉದ್ಯೋಗಿ