ಕುರ್ಚಿಯನ್ನು ತಲೆಕೆಳಗು ಮಾಡಿ ನೋಡು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಹೊಸ ಮನೆಗೆ ಸಾಮಾನು ಕೊಳ್ಳುವ ಸಡಗರದಲ್ಲಿದ್ದೀಯೆ. ‘ಎಲ್ಲವೂ ಕೈಯಲ್ಲೇ ಮಾಡಿದ್ದಾಗಿರಬೇಕು’ ಎಂದು ಬರೆದದ್ದನ್ನು ಓದಿ ನಗು ಬಂತು. ಆ ಹಟ ಬೇಡ. ಫ್ರಿಜ್ಜು, ಬಲ್ಬುಗಳನ್ನು ಯಂತ್ರವೇ ಮಾಡಲಿ. ದಿನಕ್ಕೆ ಹತ್ತು ಸಲ ಮೈಕೈ ತಾಗುವ ಕುರ್ಚಿ, ಬಟ್ಟಲು, ಹೊದಿಕೆಗಳನ್ನು ಮಾತ್ರ ಹುಡುಕಿ ಆರಿಸು.

ಕುರ್ಚಿಯಲ್ಲಿ ಕೂತು ನೋಡಿದರೆ ಸಾಲದು, ತಲೆಕೆಳಗು ಮಾಡಿ ನೋಡು. ಕಾಲನ್ನು ಬರೀ ಸ್ಕ್ರೂ ಹೊಡೆದು ನಿಲ್ಲಿಸಿದ್ದಾರೋ, ಒಂದು ಮರದ ತುದಿಯನ್ನು ಕೆತ್ತಿ ಇನ್ನೊಂದರ ತೂತಿನೊಳಗೆ ಬಿಗಿಯಾಗಿ ಕೂರಿಸಿದ್ದಾರೋ ಗೊತ್ತಾಗುತ್ತದೆ. ಮರ ಕಡಿದ ಮೇಲೂ ಸುಮ್ಮನಿರುವುದಿಲ್ಲ. ತೇವ ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದೂ ಎಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಇದನ್ನು ಬಲ್ಲ ಬಡಗಿ ಮೇಜಿನ ಹಲಗೆಗೆ ಹಿಗ್ಗಲು ಒಂದಿಷ್ಟು ಜಾಗ ಬಿಟ್ಟೇ ಕೂರಿಸುತ್ತಾನೆ. ನಾನು ಹೊಳಪಿಗೆ ಮರುಳಾಗಿ ಕೊಂಡ ಮೇಜೊಂದು ಎರಡೇ ವರ್ಷಕ್ಕೆ ನಟ್ಟನಡುವೆ ಸೀಳಿತು. ಹಲಗೆಯ ನಾಲ್ಕೂ ಅಂಚಿಗೆ ಅಂಟು ಬಳಿದು ಬಿಗಿದಿದ್ದರು. ಅದನ್ನೂ ಕೈಕೆಲಸವೆಂದೇ ಮಾರಿದ್ದರು, ಸುಳ್ಳೇನೂ ಅಲ್ಲ; ಕೈ ಇತ್ತು, ಮರದ ಗುಣ ಬಲ್ಲ ಕೈಯಾಗಿರಲಿಲ್ಲ.

ಬಟ್ಟಲಾದರೆ ಒಳಗೆ ಬೆರಳಾಡಿಸು. ತಿಗರಿಯ ಮೇಲೆ ಎದ್ದದ್ದಾದರೆ ಬುಡದಿಂದ ಮೇಲೇರುವ ಸುರುಳಿ ಗೆರೆ ಎಷ್ಟೋ ಸಲ ಬೆರಳಿಗೆ ಸಿಗುತ್ತದೆ, ಕುಂಬಾರನ ಬೆರಳು ಮಣ್ಣನ್ನು ಎಳೆದುಕೊಂಡು ಹೋದ ದಾರಿ ಅದು. ನನ್ನ ಬಟ್ಟಲಿನ ಅಂಚು ಒಂದು ಕಡೆ ತುಸು ತಗ್ಗು; ಹೆಬ್ಬೆರಳು ಅಲ್ಲಿಗೇ ಹೋಗಿ ಕೂರುತ್ತದೆ. ಆದರೆ ಸೊಟ್ಟವನ್ನೂ ಅಚ್ಚಿನಲ್ಲಿ ತೆಗೆಯುವ ಜಾಣರಿದ್ದಾರೆ. ಆರು ಬಟ್ಟಲು ಸಾಲಾಗಿ ಇಡಿಸು. ಆರರಲ್ಲೂ ಸೊಟ್ಟ ಒಂದೇ ಜಾಗದಲ್ಲಿದ್ದರೆ ಎದ್ದು ಬಾ.

ಕೊಂಡದ್ದನ್ನು ಗಾಜಿನ ಕಪಾಟಿನಲ್ಲಿಡಬೇಡ. ಜಪಾನಿನ ಚಿಂತಕ ಯನಾಗಿ ಸೋಯೆತ್ಸು ಮತ್ತವರ ಗೆಳೆಯರು 1925ರಲ್ಲಿ ‘ಮಿಂಗೇಯಿ’ ಎಂಬ ಪದ ಕಟ್ಟಿದ್ದು, ಹೆಸರಿಲ್ಲದ ಕೈಗಳು ದಿನಬಳಕೆಗೆಂದು ಮಾಡಿದ ಇಂಥ ವಸ್ತುಗಳಿಗಾಗಿ. ಬಳಕೆಯಲ್ಲೇ ಅವುಗಳ ಚೆಲುವು ಎಂದ ಅವರೇ 1936ರಲ್ಲಿ ಟೋಕಿಯೋದಲ್ಲಿ ಅವಕ್ಕೊಂದು ಮ್ಯೂಸಿಯಂ ತೆರೆದರು, ಆ ಮಾತು ಬೇರೆ. ನೀನಂತೂ ದಿನವೂ ಬಳಸು, ಒಡೆದರೆ ಒಡೆಯಲಿ.

ಕುರ್ಚಿ ಗೊತ್ತುಮಾಡುವ ಮೊದಲು ನನಗೊಂದು ಫೋಟೊ ಕಳಿಸು. ಮುಂಭಾಗದ್ದಲ್ಲ, ಅಡಿಯದ್ದು.

ನಿನ್ನ ದೊಡ್ಡಪ್ಪ